ಬಾಯಿಲ್ಲದ ಕೊಡದ ನೀರು

ನಮ್ಮ ನಾಲ್ವರ ನಡುವೆ ಒಂದು ಲೆಕ್ಕ ವರ್ಷಗಳಿಂದ ನಡೆದುಬಂದಿದೆ. ಒಗಟು ಬಿಡಿಸಲಾಗದೆ ಸೋತವನು ಹೇಳಿದವನಿಗೆ ಒಂದು ಊರು ಕೊಡಬೇಕು. ನನ್ನಜ್ಜಿ ಮೊಮ್ಮಕ್ಕಳಿಗೆ ಒಗಟು ಹೇಳುವಾಗ ಇಟ್ಟುಕೊಂಡಿದ್ದ ನಿಯಮ ಇದು. ಹೆಬ್ಬೂರು, ನಾಗವಲ್ಲಿ, ಕುಣಿಗಲ್ಲು ನನ್ನ ಕೈಬಿಟ್ಟು ಎಷ್ಟೋ ಕಾಲವಾಯಿತು. ಗುಬ್ಬಿ ಒಮ್ಮೆ ನನ್ನದು, ಒಮ್ಮೆ ಇನ್ನೊಬ್ಬನದು. ಗೂಳೂರನ್ನು ಮಾತ್ರ ಯಾರೂ ಪಣಕ್ಕಿಡುವಂತಿಲ್ಲ. ಕೂತು ಆಡುವ ಜಾಗವನ್ನೇ ಸೋತರೆ ಎದ್ದು ಹೋಗುವುದಾದರೂ ಎಲ್ಲಿಗೆ?

ನಾಲ್ವರಲ್ಲಿ ಒಬ್ಬ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು. ಇನ್ನೊಬ್ಬ ಹತ್ತನೇ ತರಗತಿಗೇ ಓದು ಬಿಟ್ಟು ಅಪ್ಪನ ತೆಂಗಿನ ತೋಟ ಹಿಡಿದವನು. ಮೂರನೆಯವನು ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತಿರುವವನು. ನಾನು ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವ ಸಾವಿರಾರು ಜನರಲ್ಲಿ ಒಬ್ಬ. ಭಾನುವಾರ ಸಂಜೆ ಕಟ್ಟೆಯ ಮೇಲೆ ಸೇರುತ್ತೇವೆ. ಅಲ್ಲಿ ಫೋನು ತೆಗೆಯುವಂತಿಲ್ಲ. ಉತ್ತರ ಹೊಳೆಯದಿದ್ದರೆ ಒಂದು ವಾರ ಯೋಚಿಸಬಹುದು. ಆಮೇಲೆ ಊರು ಕೊಡಬೇಕು.

ನಮ್ಮೂರಿನ ಗಣಪ ಬೇರೆಯವರ ಗಣಪನ ಹಾಗಲ್ಲ. ನಾಡಿನಲ್ಲೆಲ್ಲ ಚೌತಿಯಲ್ಲಿ ಕೂತು ಭಾದ್ರಪದದಲ್ಲೇ ನೀರು ಸೇರಿದರೆ, ನಮ್ಮಲ್ಲಿ ಬಲಿಪಾಡ್ಯಮಿಗೆ ಕೂರುತ್ತಾನೆ. ಆಳೆತ್ತರಕ್ಕೂ ಮೀರಿದ ಮಣ್ಣಿನ ಮೂರ್ತಿ. ಕಾರ್ತಿಕವೆಲ್ಲ ಪೂಜೆ ಮಾಡಿಸಿಕೊಂಡು ಆಮೇಲೆ ಕೆರೆಗೆ ಹೋಗುತ್ತಾನೆ. ಹಾಗೆ ಬಿಟ್ಟು ಬಂದ ಮಾರನೆಯ ಭಾನುವಾರ ತೋಟದವನು ಕೇಳಿದ: “ಅಲ್ಲ ಕಣ್ಲಾ, ಅದೇ ಮಣ್ಣು. ಹೆಂಚಾದರೆ ನೂರು ಮಳೆ ತಡೀತದೆ. ಗಣಪ ಆದರೆ ಕೆರೇಲಿ ಕರಗ್ತಾನೆ. ಯಾಕೆ?”

“ಹೆಂಚು ಸುಟ್ಟಿರ್ತಾರಲ್ಲ,” ಅಂದೆ.

“ಸುಟ್ಟರೆ ನೀರು ಹೋಯ್ತದೆ. ಗಣಪನೂ ಒಣಗಿ ನೀರು ಹೋಗಿತ್ತಲ್ಲ. ಇನ್ಯಾವ ನೀರು ಬಾಕಿ ಇತ್ತು?”

ನಾನು ಸುಮ್ಮನಾದೆ. ಮೇಷ್ಟ್ರು ವಾರದ ಗಡುವು ಕೇಳಿದ. ಮುಂದಿನ ಭಾನುವಾರ ಬಂದು ಹೇಳಿದ್ದು ಇಷ್ಟು: ಜೇಡಿಮಣ್ಣಿನಲ್ಲಿ ನೀರು ಎರಡು ರೀತಿಯಲ್ಲಿರುತ್ತದೆ. ಒಂದು, ಕಣಗಳ ನಡುವೆ ಸೇರಿಕೊಂಡದ್ದು. ಬಿಸಿಲು, ಗಾಳಿ ಅದನ್ನು ಒಯ್ಯುತ್ತವೆ. ಮತ್ತೆ ನೀರು ಹಾಕಿದರೆ ಮತ್ತೆ ಕೆಸರು. ಇನ್ನೊಂದು, ಜೇಡಿಯ ಕಣದ ರಚನೆಯೊಳಗೇ ಹೆಣೆದುಕೊಂಡದ್ದು. ಅದು ಹೊರಡಬೇಕಾದರೆ ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಅದು ಹೋದರೆ ಮಣ್ಣು ಮಣ್ಣಾಗಿ ಉಳಿಯುವುದಿಲ್ಲ. ಆಮೇಲೆ ಎಷ್ಟು ನೆನೆಸಿದರೂ ಕೆಸರಾಗದು. ಸಾವಿರಾರು ವರ್ಷ ಹಿಂದಿನ ಮಡಕೆ ಚೂರು ಅಗೆದಾಗ ಸಿಗುವುದು ಅದಕ್ಕೇ. ಅಷ್ಟು ದೊಡ್ಡ ಗಣಪ ಕೆರೆಯಲ್ಲಿ ಗುರುತಿಲ್ಲದಂತೆ ಸೇರಿಹೋಗುವುದೂ ಅದಕ್ಕೇ. ಅವನನ್ನು ಯಾರೂ ಸುಟ್ಟಿಲ್ಲ.

“ಹಂಗಾದರೆ ನನ್ನ ಪ್ರಶ್ನೆ ಸರಿಯಾಗೇ ಇತ್ತು,” ಅಂದ ತೋಟದವನು. ಅವನ ಮುಖದಲ್ಲಿದ್ದ ಸಂತೋಷ ಊರು ಗೆದ್ದವನದಲ್ಲ. ಶಾಲೆಯಲ್ಲಿ ಅವನನ್ನು ದಡ್ಡನೆಂದು ಹಿಂದಿನ ಸಾಲಿನಲ್ಲಿ ಕೂರಿಸಿದ್ದರು.

ಆ ದಿನ ಮೇಷ್ಟ್ರು ಮೈಕೆಲ್ ಫ್ಯಾರಡೆಯ ವಿಷಯ ತೆಗೆದ. ಕಮ್ಮಾರನ ಮಗ. ಹೆಚ್ಚು ಓದಿದವನಲ್ಲ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸಕ್ಕೆ ಸೇರಿ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ಕಲಿತ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕ್ರಿಸ್ಮಸ್ ಹೊತ್ತಿಗೆ ಹುಡುಗರಿಗಾಗಿ ಉಪನ್ಯಾಸ ಕೊಡುತ್ತಿದ್ದ. 1848ರಲ್ಲೊಮ್ಮೆ, ಮತ್ತೆ 1860-61ರಲ್ಲಿ, ಅಲ್ಲಿ ಅವನು ಹಿಡಿದದ್ದು ಒಂದೇ ಮೇಣದ ಬತ್ತಿ. ಉರಿದ ಮೇಣ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯ ಹಿಂದೆಯೇ ಆರು ಉಪನ್ಯಾಸ. ಮೇಷ್ಟ್ರು ಅದನ್ನು ನಮ್ಮ ಒಗಟಾಗಿ ಮಾಡಿದ: ಬೆಂಕಿಯ ಹೊಟ್ಟೆಯಲ್ಲಿ ಹುಟ್ಟುವ ನೀರು ಯಾವುದು? ನಾವು ನಕ್ಕೆವು. ಅವನು ತಣ್ಣೀರು ತುಂಬಿದ ಸ್ಟೀಲ್ ಚೊಂಬನ್ನು ಕಾರ್ತಿಕದ ದೀಪದ ಮೇಲೆ ಸ್ವಲ್ಪ ಎತ್ತರದಲ್ಲಿ ಹಿಡಿದ. ಚೊಂಬಿನ ತಳದಲ್ಲಿ ಮಸಿಯ ಜೊತೆಗೆ ಮಂಜು ಕಟ್ಟಿತು. ಎಣ್ಣೆಯಲ್ಲಿರುವ ಹೈಡ್ರೋಜನ್ ಗಾಳಿಯ ಆಕ್ಸಿಜನ್ ಜೊತೆ ಸೇರಿ ನೀರಾಗುತ್ತದೆ. ಬಿಸಿಯಲ್ಲಿ ಆವಿಯಾಗಿ ಹೋಗುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆವತ್ತು ನಾಗವಲ್ಲಿ ಹೋಯಿತು.

ಪರೀಕ್ಷೆಗೆ ಓದುವವನ ವಿಷಯ ಬೇರೆ. ನದಿಗಳು, ವಿಧಿಗಳು, ಇಸವಿಗಳು, ಪ್ರಶಸ್ತಿಗಳು ಎಲ್ಲ ಅವನ ನಾಲಿಗೆಯ ತುದಿಯಲ್ಲಿ. ಮೊದಮೊದಲು ಕಟ್ಟೆಯಲ್ಲಿ ಅವನದೇ ಗೆಲುವು. ವರ್ಷಗಳು ಕಳೆದಂತೆ ನಮಗೆ ಆಟವಾದದ್ದು ಅವನಿಗೆ ಅನ್ನದ ಪ್ರಶ್ನೆಯಾಯಿತು. ಒಂದು ಪ್ರಶ್ನೆ ಸರಿಯಾದರೆ ನೌಕರಿಗೆ ಒಂದು ಹೆಜ್ಜೆ, ತಪ್ಪಾದರೆ ಕಾಲು ಅಂಕ ಕಡಿತ. ಏನು ಕೇಳಿದರೂ “ಆಯ್ಕೆ ಕೊಡಿ” ಎನ್ನತೊಡಗಿದ. ನಾಲ್ಕು ಆಯ್ಕೆಯಲ್ಲಿ ಎರಡನ್ನು ಹೊಡೆದುಹಾಕಿ ಉಳಿದೆರಡರ ನಡುವೆ ನಿಲ್ಲುವುದು ಅವನ ಯೋಚನೆಯ ರೀತಿಯೇ ಆಗಿಬಿಟ್ಟಿತ್ತು. ಯುಗಾದಿ ಕಳೆದ ಮೇಲೆ ಬರುವುದನ್ನೇ ಬಿಟ್ಟ. ಫೋನು ಮಾಡಿದರೆ, “ಪ್ರಶ್ನೆ ಅಂದ್ರೇನೇ ಸಾಕಾಗೋಗಿದೆ ಕಣೋ, ನೀವು ಆಡ್ಕೊಳಿ,” ಅಂದ. ಅವನಮ್ಮ ನನ್ನನ್ನು ಕಂಡಾಗ, “ಒಳಗೇ ಕೂತಿರ್ತಾನೆ ಕಣಪ್ಪ, ನೀವಾದರೂ ಬಂದು ಮಾತಾಡ್ಸಿ,” ಅಂದರು. ಏನೆಂದು ಮಾತಾಡಿಸುವುದೋ ನನಗೆ ತಿಳಿಯಲಿಲ್ಲ.

ತೋಟದವನು ಮಾತಾಡಿಸಲಿಲ್ಲ, ಕೆಲಸಕ್ಕೆ ಕರೆದ. ಆಷಾಢದಲ್ಲಿ ಅಟ್ಟದಿಂದ ಕಾಯಿ ಇಳಿಸಬೇಕಿತ್ತು. ನಮ್ಮ ಕಡೆ ಉಂಡೆ ಕೊಬ್ಬರಿಗೆ ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ, ಸುಮಾರು ಒಂದು ವರ್ಷದವರೆಗೂ ಬಿಡುತ್ತಾರೆ. ಒಳಗಿನ ನೀರು ಆರಿ, ಕೊಬ್ಬರಿ ಸುರುಟಿ ಚಿಪ್ಪು ಬಿಟ್ಟ ಮೇಲೆ ಒಡೆದು ತಿಪಟೂರಿನ ಮಾರುಕಟ್ಟೆಗೆ ಒಯ್ಯುವುದು. ಆಗಿದೆಯೋ ಇಲ್ಲವೋ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಬೇಕು. ದಿನವೆಲ್ಲ ಅದೇ ಕೆಲಸ. ಸಂಜೆ ತೋಟದವನು ಒಗಟು ಹೇಳಿದನಂತೆ: “ಎಳೇದ್ರಲ್ಲಿ ಮೂಕ, ಬಲಿತ ಮೇಲೆ ಕುಲುಕುಲು, ಮುದಿಯಾದ ಮೇಲೆ ಲೊಟಲೊಟ.” ಎಳನೀರಿನಲ್ಲಿ ನೀರು ತುಂಬಿರುವುದರಿಂದ ಅಲುಗಾಡಲು ಜಾಗವಿಲ್ಲ, ಬಲಿತ ಕಾಯಲ್ಲಿ ನೀರು ತಗ್ಗಿ ಕುಲುಕುತ್ತದೆ, ಕೊನೆಗೆ ಕೊಬ್ಬರಿ ಉಂಡೆಯೇ ಚಿಪ್ಪಿಗೆ ಬಡಿಯುತ್ತದೆ. ದಿನವಿಡೀ ಕೇಳಿದ ಸದ್ದು, ಉತ್ತರ ಸುಲಭ. ಆಮೇಲೆ ಬಂದದ್ದು ಕಷ್ಟದ್ದು. “ಬಾಯಿಲ್ಲದ ಕೊಡ. ಒಡೆದಿಲ್ಲ, ತೂತಿಲ್ಲ. ಒಳಗಿನ ನೀರು ಕುಡಿದೋರು ಯಾರು?”

“ಆಯ್ಕೆ ಕೊಡು.”

“ನನಗೇ ಗೊತ್ತಿಲ್ಲ ಕಣೋ, ಎಲ್ಲಿಂದ ತರ್ಲಿ ಆಯ್ಕೆ?”

ಕಾರ್ತಿಕದಲ್ಲಿ ಗಣಪ ಕೂತ ವಾರ ಅವನು ತಾನಾಗಿಯೇ ಕಟ್ಟೆಗೆ ಬಂದ. ಕೈಯಲ್ಲಿ ನೋಟ್‌ಬುಕ್ಕು. ಸುಲಿದ ಎರಡು ಕಾಯಿ ಇಟ್ಟುಕೊಂಡು, ಒಂದರ ಮೂರು ಕಣ್ಣಿಗೂ ಮೇಣ ಮೆತ್ತಿ, ವಾರಕ್ಕೊಮ್ಮೆ ಅಂಗಡಿಯ ತಕ್ಕಡಿಯಲ್ಲಿ ತೂಗಿ ಬರೆದಿದ್ದ. ಎರಡೂ ಹಗುರಾಗುತ್ತ ಬಂದಿದ್ದವು, ಮೇಣ ಮೆತ್ತಿದ್ದು ನಿಧಾನವಾಗಿ. ಕಣ್ಣಿನಿಂದಲೂ ಚಿಪ್ಪಿನ ಸಣ್ಣ ರಂಧ್ರಗಳಿಂದಲೂ ನೀರು ಆವಿಯಾಗಿ ಹೋಗುತ್ತದೆ ಎಂಬುದು ಅವನ ತೀರ್ಮಾನ. “ಎರಡೇ ಕಾಯಿ ಸಾಲದು, ಇನ್ನೊಂದಿಪ್ಪತ್ತು ಇಡು,” ಅಂದ ಮೇಷ್ಟ್ರು. “ಇಪ್ಪತ್ತಕ್ಕೆ ದುಡ್ಡು ಯಾರು ಕೊಡ್ತೀರಿ?” ಅಂದ ತೋಟದವನು. ಮೂವರೂ ಜಗಳಕ್ಕೆ ಬಿದ್ದರು. ಅವನು ಅಷ್ಟು ಜೋರಾಗಿ ವಾದಿಸಿದ್ದನ್ನು ನಾನು ಕೇಳಿ ಎಷ್ಟೋ ದಿನವಾಗಿತ್ತು.

ಇದರಿಂದ ಅವನ ಪರೀಕ್ಷೆಗೆ ಏನೂ ಅನುಕೂಲವಾಗಿಲ್ಲ. ತೆಂಗಿನಕಾಯಿಯ ತೂಕವನ್ನು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ಅವನು ಈಗಲೂ ಓದುತ್ತಿದ್ದಾನೆ, ಅರ್ಜಿ ಹಾಕುತ್ತಿದ್ದಾನೆ. ಆದರೆ ಭಾನುವಾರ ತಪ್ಪಿಸುವುದಿಲ್ಲ. ಅವನ ಪ್ರಶ್ನೆಗಳಿಗೆ ಈಗ ಆಯ್ಕೆಗಳಿರುವುದಿಲ್ಲ.

ಅವನು ಈಚೆಗೆ ಕೇಳಿದ್ದನ್ನು ನಿಮಗೂ ಬಿಡುತ್ತೇನೆ. ಮಣ್ಣಿನ ಹೂಜಿಯ ನೀರು ಬೇಸಿಗೆಯ ಬಿಸಿಗಾಳಿಯಲ್ಲಿ ತಣ್ಣಗಿರುತ್ತದೆ. ಅದೇ ಹೂಜಿ ಮಳೆಗಾಲದ ತಂಪುಗಾಳಿಯಲ್ಲಿ ಅಷ್ಟು ತಣಿಸುವುದಿಲ್ಲ, ಯಾಕೆ? ಫೋನಿನಲ್ಲಿ ಹುಡುಕಿದರೆ ಕ್ಷಣದಲ್ಲಿ ಸಿಗುತ್ತದೆ. ಒಂದು ವಾರ ತಡೆದು ನೋಡಿ. ಹೊಳೆಯದಿದ್ದರೆ ನಿಮ್ಮದೊಂದು ಊರು ನನಗೆ. ಕುಣಿಗಲ್ಲು ಹೋದ ಮೇಲೆ ನನ್ನ ಹತ್ತಿರ ಹೆಚ್ಚೇನೂ ಉಳಿದಿಲ್ಲ.