ಫೋಟೋಗಳು ಎಲ್ಲಿಗೂ ಹೋಗಿರಲಿಲ್ಲ

ಮನೆಗೆ ಕಳ್ಳ ನುಗ್ಗಿದರೆ ನಾವು ಕೂಗುತ್ತೇವೆ, ನೆರೆಹೊರೆಯವರನ್ನು ಕರೆಯುತ್ತೇವೆ. ಆದರೆ ಮನೆಯ ಕಂಪ್ಯೂಟರಿಗೆ ವೈರಸ್ ನುಗ್ಗಿದಾಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ: ಒಂದೋ ಯಾರಿಗೂ ಹೇಳದೆ ಮುಚ್ಚಿಡುತ್ತಾರೆ, ಇಲ್ಲವೇ ಗಾಬರಿಯಿಂದ ಎಲ್ಲವನ್ನೂ ಅಳಿಸಿಬಿಡುತ್ತಾರೆ. ವೈರಸ್ ಮಾಡುವ ನಷ್ಟಕ್ಕಿಂತ ಈ ಎರಡರಿಂದ ಆಗುವ ನಷ್ಟವೇ ಎಷ್ಟೋ ಸಲ ದೊಡ್ಡದು.

ಸೆಮಿನರಿಯಲ್ಲಿ ಓದುತ್ತಿದ್ದಾಗ ಅಲ್ಲಿನ ಕಂಪ್ಯೂಟರ್ ಕೋಣೆಯನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಂದಿನಿಂದ ಯಾವ ಧರ್ಮಕೇಂದ್ರಕ್ಕೆ ವರ್ಗವಾದರೂ "ಫಾದರ್, ನಮ್ಮ ಕಂಪ್ಯೂಟರನ್ನು ಒಮ್ಮೆ ನೋಡ್ತೀರಾ?" ಎಂಬ ಕರೆ ತಪ್ಪಿದ್ದಿಲ್ಲ. ಹಾಗೆ ಹೋದ ಮನೆಗಳಲ್ಲಿ ಕಲಿತ ಕೆಲವು ಸಂಗತಿಗಳನ್ನು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಕಾಸರಗೋಡು ಕಡೆಯ ಒಂದು ಮನೆ. ಯಜಮಾನರು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ವರ್ಷದ ಪೂಜೆಗೆ ಅವರ ದೊಡ್ಡದೊಂದು ಫೋಟೋ ಮಾಡಿಸಲೆಂದು, ಪ್ಲಸ್ ಟು ಓದುತ್ತಿದ್ದ ಮಗ ಪೆನ್ ಡ್ರೈವನ್ನು ಪೇಟೆಯ ಅಂಗಡಿಯೊಂದಕ್ಕೆ ಕೊಂಡೊಯ್ದಿದ್ದ. ತಿರುಗಿ ತಂದು ಮನೆಯ ಕಂಪ್ಯೂಟರಿಗೆ ಹಾಕಿ ನೋಡಿದರೆ ಫೋಲ್ಡರುಗಳ ಜಾಗದಲ್ಲಿ ಬರೀ ಶಾರ್ಟ್‌ಕಟ್‌ಗಳು! ಒಂದೊಂದನ್ನೇ ಒತ್ತಿದ. ಕಂಪ್ಯೂಟರು ತೀರಾ ನಿಧಾನವಾಯಿತು. ಬೈಗುಳಕ್ಕೆ ಹೆದರಿ ಹತ್ತು ದಿನ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಅಕ್ಕನ ಪೆನ್ ಡ್ರೈವಿಗೂ ಅದು ಹರಡಿತ್ತು. ಕೊನೆಗೆ ರಿಪೇರಿಯವರನ್ನು ಕೇಳಿದಾಗ "ಎಲ್ಲ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು" ಎಂದರಂತೆ.

"ಫಾದರ್, ಅವರ ಸ್ವರ ಉಳಿದಿರುವುದು ಅದರಲ್ಲಿರುವ ಒಂದು ವಿಡಿಯೋದಲ್ಲಿ ಮಾತ್ರ," ಎಂದರು ಆ ತಾಯಿ.

ನಾನು ಯಾವುದನ್ನೂ ತೆರೆಯದೆ, ಪೆನ್ ಡ್ರೈವಿನ ಗುರುತಿನ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ನೋಡಿದೆ. 16 ಜಿಬಿಯ ಪೆನ್ ಡ್ರೈವಿನಲ್ಲಿ 11 ಜಿಬಿ ಇನ್ನೂ ತುಂಬಿಯೇ ಇತ್ತು. ಕಣ್ಣಿಗೆ ಕಾಣುವ ಶಾರ್ಟ್‌ಕಟ್‌ಗಳಾದರೋ ಒಂದೊಂದು 1 ಅಥವಾ 2 ಕೆಬಿ. ಹಾಗಾದರೆ ಉಳಿದ ಭಾರ ಯಾವುದರದು? ಖಾಲಿ ಚೀಲ ಭಾರವಾಗಿರುವುದಿಲ್ಲವಲ್ಲ! ಈ ಜಾತಿಯ ವೈರಸ್ ಸಾಮಾನ್ಯವಾಗಿ ಫೋಟೋಗಳನ್ನು ಅಳಿಸುವುದಿಲ್ಲ. ಅಸಲಿ ಫೋಲ್ಡರುಗಳಿಗೆ 'ಅಡಗಿದ್ದು' ಎಂಬ ಗುರುತು ಹಾಕಿ ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ನಾವು ಅದನ್ನು ಒತ್ತಿದಾಗ ಮೊದಲು ವೈರಸ್ ಓಡುತ್ತದೆ. ಕೆಲವು ಸಲ ನಮಗೆ ಸಂಶಯ ಬಾರದಂತೆ ಅಸಲಿ ಫೋಲ್ಡರನ್ನೂ ತೆರೆದು ತೋರಿಸುತ್ತದೆ. ಅವರು ಫಾರ್ಮ್ಯಾಟ್ ಮಾಡಿಸಿದ್ದರೆ, ವೈರಸ್ ಮಾಡದ ನಷ್ಟವನ್ನು ತಾವೇ ಮಾಡಿಕೊಂಡಂತಾಗುತ್ತಿತ್ತು.

ಮೊದಲು ಕಂಪ್ಯೂಟರನ್ನು ಶುದ್ಧ ಮಾಡಿದೆವು, ಆಮೇಲೆ ಪೆನ್ ಡ್ರೈವನ್ನು. ಈ ಕ್ರಮ ಮುಖ್ಯ. ತಿರುವು ಮುರುವಾದರೆ ಶುದ್ಧವಾದ ಪೆನ್ ಡ್ರೈವಿಗೆ ಕಂಪ್ಯೂಟರಿನಿಂದ ಮತ್ತೆ ರೋಗ ತಗಲುತ್ತದೆ. ಬಳಿಕ ಫೋಲ್ಡರ್ ಆಯ್ಕೆಗಳಿಗೆ ಹೋಗಿ ಅಡಗಿದ ಫೈಲುಗಳನ್ನು ತೋರಿಸುವಂತೆಯೂ, ವ್ಯವಸ್ಥೆಯ ಫೈಲುಗಳನ್ನು ಮರೆಮಾಡದಂತೆಯೂ ಬದಲಿಸಿದಾಗ ಹೆಸರೇ ಇಲ್ಲದ ಒಂದು ಫೋಲ್ಡರ್ ಕಾಣಿಸಿತು. ಅದರೊಳಗೆ ಎಲ್ಲವೂ ಇದ್ದವು. ವಿಡಿಯೋದಲ್ಲಿ ಆ ಯಜಮಾನರು ತೋಟದಲ್ಲಿ ನಿಂತು ಅಡಿಕೆ ಹೆಕ್ಕುವವರಿಗೆ ಗದರುತ್ತಿದ್ದರು. ತಾಯಿ ಮೊದಲು ನಕ್ಕರು, ಆಮೇಲೆ ಅತ್ತರು. "ಅಂದೇ ಹೇಳಿದ್ದರೆ ಏನಾಗ್ತಿತ್ತು ಮಗಾ?" ಎಂದು ಕೇಳಿದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ.

ನಿಮ್ಮ ಮನೆಯಲ್ಲಿ ಹೀಗಾದರೆ ಏನು ಮಾಡಬೇಕು? ಮೊದಲು ಇಂಟರ್ನೆಟ್ ಸಂಪರ್ಕ ಕಡಿಯಿರಿ. ಕದ್ದ ಮಾಹಿತಿ ಹೊರಗೆ ಹೋಗುವ ದಾರಿ ಅದೇ. ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ, ಯಾವ ಪಾಸ್‌ವರ್ಡನ್ನೂ ಒತ್ತಬೇಡಿ. ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಮನೆಬಳಕೆಗೆ ಸಾಕಷ್ಟು ಒಳ್ಳೆಯದು. ಅಪ್‌ಡೇಟ್ ಮಾಡುವಷ್ಟು ಹೊತ್ತು ಮಾತ್ರ ಸಂಪರ್ಕ ಕೊಟ್ಟು, ಮತ್ತೆ ಕಡಿದು, 'ಫುಲ್ ಸ್ಕ್ಯಾನ್' ನಡೆಸಿ. ಅನಂತರ 'ಆಫ್‌ಲೈನ್ ಸ್ಕ್ಯಾನ್' ನಡೆಸಿ. ಇದು ವಿಂಡೋಸ್ ಪೂರ್ತಿ ಎದ್ದೇಳುವ ಮೊದಲೇ ಹುಡುಕುವುದರಿಂದ, ಒಳಗೆ ಅಡಗಿ ಕೂತ ವೈರಸಿಗೆ ತಪ್ಪಿಸಿಕೊಳ್ಳುವುದು ಕಷ್ಟ. ಬ್ರೌಸರಿನಲ್ಲಿ ನೀವು ಹಾಕದ ಎಕ್ಸ್‌ಟೆನ್ಶನ್‌ಗಳಿದ್ದರೆ ತೆಗೆಯಿರಿ. ಇಷ್ಟಾದ ಮೇಲೂ ರೋಗ ಮರುಕಳಿಸಿದರೆ ಫೋಟೋ, ದಾಖಲೆಗಳನ್ನು ಮಾತ್ರ ಬೇರೆಡೆ ಉಳಿಸಿಕೊಂಡು ವಿಂಡೋಸನ್ನು ಹೊಸದಾಗಿ ಹಾಕಿಸುವುದೇ ಲೇಸು. ಫಾರ್ಮ್ಯಾಟ್ ಕೊನೆಯ ಮದ್ದು, ಮೊದಲನೆಯದಲ್ಲ.

ವೈರಸ್ ಹೋಯಿತೆಂದು ಕೈ ತೊಳೆದುಕೊಳ್ಳುವಂತಿಲ್ಲ. ಅದು ಒಳಗಿದ್ದಾಗ ಏನನ್ನು ಕದ್ದಿತೋ ಬಲ್ಲವರಾರು? ರೋಗವಿಲ್ಲದ ಬೇರೊಂದು ಮೊಬೈಲಿನಿಂದಲೋ ಕಂಪ್ಯೂಟರಿನಿಂದಲೋ ಮೊದಲು ಇ-ಮೇಲಿನ, ಆಮೇಲೆ ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ. ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಿ. ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೂ 1930 ಸಂಖ್ಯೆಗೂ ಕರೆ ಮಾಡಿ. ಸೈಬರ್ ವಂಚನೆಯ ದೂರಿಗಾಗಿ ಇರುವ ಈ ಸಹಾಯವಾಣಿ ದೇಶಕ್ಕೆಲ್ಲ ಒಂದೇ. ನಾವು ಗಡಿಯ ಈಚೆಗಿದ್ದರೂ ಆಚೆಗಿದ್ದರೂ ಸಂಖ್ಯೆ ಬದಲಾಗುವುದಿಲ್ಲ.

ಇನ್ನು ಮುಂದಿನ ಎಚ್ಚರಿಕೆ. ಮೇ 2000ದಲ್ಲಿ ಫಿಲಿಪ್ಪೀನ್ಸಿನಿಂದ ಹೊರಟ 'ಐ ಲವ್ ಯೂ' ವೈರಸ್ ಪ್ರೇಮಪತ್ರದ ಹೆಸರಿನಲ್ಲಿ ಇ-ಮೇಲಿಗೆ ಅಂಟಿಕೊಂಡು ಬಂದು ಜಗತ್ತನ್ನೇ ಸುತ್ತಿತು. ತೆರೆದವರ ಫೋಟೋಗಳ ಮೇಲೆ ತನ್ನನ್ನೇ ಬರೆದುಕೊಂಡು ಹಾಳುಮಾಡಿತು. ಫೈಲಿನ ಹೆಸರಿನ ಕೊನೆಯ ಭಾಗವನ್ನು ವಿಂಡೋಸ್ ಮರೆಮಾಡುತ್ತಿದ್ದುದರಿಂದ ಅನೇಕರಿಗೆ ಅದು ಬರೀ ಕಾಗದದಂತೆ ಕಂಡಿತು. ಈ ಉಪಾಯ ಇಂದಿಗೂ ನಡೆಯುತ್ತದೆ. ಫೈಲಿನ ಪೂರ್ತಿ ಹೆಸರು ಕಾಣುವಂತೆ ಮಾಡಿಕೊಳ್ಳಿ. ಬಿಲ್ಲು, ಮದುವೆ ಕಾಗದ ಎಂದು ಬಂದದ್ದರ ಕೊನೆಯಲ್ಲಿ 'ಇಎಕ್ಸ್‌ಇ' ಎಂದೋ, ಮೊಬೈಲಿನಲ್ಲಾದರೆ 'ಎಪಿಕೆ' ಎಂದೋ ಇದ್ದರೆ ಮುಟ್ಟಬೇಡಿ.

ಅಪ್‌ಡೇಟನ್ನು ಮುಂದೂಡಬೇಡಿ. 2017ರ ಮೇ 12ರಂದು 'ವಾನಾಕ್ರೈ' ಹರಡಿ ಸುಮಾರು 150 ದೇಶಗಳಲ್ಲಿ ಕಂಪ್ಯೂಟರುಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳ ಮೊದಲೇ, ಮಾರ್ಚಿನಲ್ಲೇ ಬಂದಿತ್ತು! ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವೇನು? ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದನ್ನೇ ಬಳಸುತ್ತಿರುವವರು ತಿಳಿದವರನ್ನು ಕೇಳಿ ಮುಂದಿನ ದಾರಿ ನೋಡಿಕೊಳ್ಳುವುದು ಒಳ್ಳೆಯದು.

ಪರದೆಯ ಮೇಲೆ "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ" ಎಂದು ಕಂಡರೆ ಅದು ಮೋಸ. ವಿಂಡೋಸಿನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ನಮ್ಮ ಹಿರಿಯರು ಕನ್ನಡ ಓದುತ್ತಾರೆ. ಇಂಥ ಸಂದೇಶ ಬರುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ ಅಥವಾ ರಾಜ್ಯಭಾಷೆಯಲ್ಲಿ. ಅರ್ಥವಾಗದೆ ಗಾಬರಿಯಿಂದ 'ಓಕೆ' ಒತ್ತುತ್ತಾರೆ. "ಅರ್ಥವಾಗದ್ದನ್ನು ಒತ್ತಬೇಡಿ ಅಜ್ಜಿ, ನಮ್ಮನ್ನು ಕರೆಯಿರಿ" ಎಂದು ಮೊಮ್ಮಕ್ಕಳು ಹೇಳಿಕೊಡಲಿ. ಕರೆದಾಗ ಬೇಸರಿಸದೆ ಬರಲಿ.

ಅತ್ಯಂತ ಬೆಲೆಬಾಳುವ ಫೋಟೋಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ. ಪ್ರತಿ ಮಾಡಿದ ಕೂಡಲೇ ಅದನ್ನು ಕಂಪ್ಯೂಟರಿನಿಂದ ಬಿಡಿಸಿ ಕಪಾಟಿನಲ್ಲಿಡಿ. ಸಿಕ್ಕಿಸಿಯೇ ಇಟ್ಟರೆ ಒಂದಕ್ಕೆ ಬಂದ ರೋಗ ಎರಡಕ್ಕೂ ಬಂದೀತು.

ಕೊನೆಯದಾಗಿ ತಂದೆತಾಯಂದಿರಲ್ಲಿ ಒಂದು ಮಾತು. ವೈರಸಿಗೆ ಬೇಕಾದದ್ದು ಸಮಯ. ಮಕ್ಕಳು ಹೆದರಿ ಮುಚ್ಚಿಟ್ಟಷ್ಟು ದಿನವೂ ನಾವು ಅದಕ್ಕೆ ಸಮಯ ಕೊಟ್ಟಂತೆ. "ಅಪ್ಪಾ, ನಾನು ಏನೋ ಒತ್ತಿದೆ" ಎಂದು ಮಗು ಬಂದು ಹೇಳಿದರೆ ಮೊದಲು ಬೆನ್ನು ತಟ್ಟಿ. ಬುದ್ಧಿಮಾತು ಆಮೇಲೆ ಹೇಳಿದರಾಯಿತು. ಒತ್ತಿದ್ದನ್ನು ಹೆದರದೆ ಹೇಳಬಹುದಾದ ಮನೆಗಿಂತ ಒಳ್ಳೆಯ ಆಂಟಿವೈರಸ್ ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ.