ಮಣ್ಣೂರಿನ ಹುಡುಗರು ಎಲ್ಲಿ ಆಡಬೇಕು?

ಕಲಬುರಗಿಯಿಂದ ಚೌಡಾಪುರ ದಾಟಿ ಅಫಜಲಪುರಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ ಮಣ್ಣೂರಿನ ಹಾದಿ ಹಿಡಿದಾಗ ಹೊತ್ತು ಇಳಿಯತೊಡಗಿತ್ತು. ಸಂಕ್ರಾಂತಿ ಮುಗಿದ ಮರುವಾರ. ರಸ್ತೆಯ ಒಂದು ಬದಿಗೆ ತೊಗರಿ ಕೊಯ್ದ ಕರಿಮಣ್ಣಿನ ಹೊಲ, ಇನ್ನೊಂದು ಬದಿಗೆ ಆಳೆತ್ತರದ ಕಬ್ಬು. ಭೀಮಾ ನದಿಯ ದಂಡೆಯ ಈ ಊರು ಮಹಾರಾಷ್ಟ್ರದ ಗಡಿಗೆ ಹತ್ತಿರ. ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗಾ ಎನಿಸಿಕೊಂಡು ಬರುವ ಹೊಳೆ ಇಲ್ಲಿ ಅವಸರವಿಲ್ಲದೆ ಹರಿಯುತ್ತದೆ. ಹೊಳೆ ನೋಡಬೇಕು, ಯಲ್ಲಮ್ಮನ ಗುಡಿಗೆ ಹೋಗಿ ಕೈಮುಗಿಯಬೇಕು, ಮರಳಬೇಕು ಎಂದಷ್ಟೇ ನನ್ನ ಲೆಕ್ಕವಿತ್ತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೊಳೆಯಲ್ಲ, ಹತ್ತು ಹನ್ನೆರಡು ಹುಡುಗರು. ತೊಗರಿ ಕೊಯ್ದ ಹೊಲದ ಒಂದು ಮೂಲೆಯಲ್ಲಿ ಕೂಳೆ ಕಿತ್ತು, ಹೆಂಟೆ ಒಡೆದು, ಇಪ್ಪತ್ತು ಹೆಜ್ಜೆ ಉದ್ದದ ಪಟ್ಟಿಯೊಂದನ್ನು ಹಸನು ಮಾಡಿಕೊಂಡು ಕ್ರಿಕೆಟ್ ಆಡುತ್ತಿದ್ದರು. ಉಳಿದ ಹೊಲದಲ್ಲೆಲ್ಲ ಕೂಳೆ ಹಾಗೆಯೇ ಚೂಪಾಗಿ ನಿಂತಿತ್ತು. ಚೆಂಡಿನ ಹಿಂದೆ ಬರಿಗಾಲಲ್ಲಿ ಓಡುವ ಹುಡುಗ ಕಣ್ಣನ್ನು ಚೆಂಡಿನ ಮೇಲಿಡಬೇಕೋ, ಕಾಲಿನ ಮೇಲಿಡಬೇಕೋ! ಬದುವಿನ ಮೇಲೆ ಕುಳಿತಿದ್ದ ಮುತ್ಯಾನನ್ನು ಕೇಳಿದೆ:

‘ಈ ಹೊಲ ಯಾರದ್ರೀ ಮುತ್ಯಾ?’

‘ಯಾರದರ ಇರ್ಲಿ ಬಿಡ್ರಿ. ಕುಂಟಿ ಹೊಡಿಯಾತನಕ ಈ ಹುಡುಗ್ರದೇ!’

ಮುತ್ಯಾ ನಕ್ಕು ಸುಮ್ಮನಾದರು. ನನಗೆ ಮಾತ್ರ ಆ ಮಾತು ಊರಿಗೆ ಮರಳುವವರೆಗೂ ಬೆನ್ನು ಬಿಡಲಿಲ್ಲ. ಕುಂಟೆ ಹೊಡೆದ ಮೇಲೆ ಯಾರದು? ಆಗ ಹುಡುಗರು ಎಲ್ಲಿಗೆ ಹೋಗಬೇಕು?

ಖಾಲಿ ಹೊಲಗಳ ಕಾಲ

ನಮ್ಮ ಬಾಲ್ಯದಲ್ಲಿ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಹಿಂಗಾರಿ ಜೋಳದ ರಾಶಿ ಮುಗಿದರೆ ರೋಹಿಣಿ ಮಳೆ ಬೀಳುವವರೆಗೆ ಊರ ಸುತ್ತಲಿನ ಹೊಲವೆಲ್ಲ ನಮ್ಮದೇ. ಸಗಣಿ ಸಾರಿಸಿ ಕಲ್ಲಿನಂತೆ ಗಟ್ಟಿಯಾದ ರಾಶಿಯ ಕಣವಂತೂ ಕಬಡ್ಡಿಗೆ ಹೇಳಿ ಮಾಡಿಸಿದ ಅಂಗಳ. ದನ ಮೇಯುವ ಗಾಯರಾಣದಲ್ಲಿ ಚಿನ್ನಿದಾಂಡು, ಲಗೋರಿ. ತಾಲೀಮಿನಲ್ಲಿ ಕುಸ್ತಿ. ಆಟಕ್ಕೆಂದು ಬೇರೆ ಜಾಗ ಬೇಕು ಎಂದು ಯಾರೂ ಅರ್ಜಿ ಬರೆಯಲಿಲ್ಲ. ಒಕ್ಕಲುತನವೇ ವರ್ಷಕ್ಕೆ ಮೂರು ತಿಂಗಳು ಮಕ್ಕಳಿಗೆ ಮೈದಾನ ಕೊಡುತ್ತಿತ್ತು.

ಈಗ ಒಕ್ಕಲುತನದ ರೀತಿ ಬದಲಾಗಿದೆ. ಭೀಮಾ ತೀರದ ಊರುಗಳಿಗೆ ಪಂಪುಸೆಟ್ಟು ಬಂತು, ಬ್ಯಾರೇಜುಗಳು ಬಂದವು, ಕಬ್ಬು ಬಂತು. ಕಬ್ಬು ಹನ್ನೆರಡು ತಿಂಗಳು ನಿಲ್ಲುವ ಬೆಳೆ. ಕಟಾವಾದ ಬೆನ್ನಿಗೇ ಕೂಳೆಗೆ ನೀರು ಬಿಡುತ್ತಾರೆ. ಹೊಲ ಬರಿದಾಗುವ ದಿನವೇ ಇಲ್ಲ. ರಾಶಿಗೆ ಯಂತ್ರ ಬಂದು ಕಣವೂ ಹೋಯಿತು. ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡಿದ್ದು ಸಂತೋಷವೇ. ಆದರೆ ಅದರ ಜೊತೆಗೆ ಮಕ್ಕಳ ಅಂಗಳ ಸದ್ದಿಲ್ಲದೆ ಕರಗಿತು. ಅದನ್ನು ಯಾರೂ ನಷ್ಟದ ಬಾಬಿಗೆ ಬರೆದುಕೊಳ್ಳಲಿಲ್ಲ.

ಹೊಳೆದಂಡೆಯನ್ನು ನಂಬೋಣವೆಂದರೆ ಅದೂ ಆಗದು. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರಿಗೆ ಮಳೆಯೂ ಸೇರಿ ಭೀಮೆ ಉಕ್ಕಿದಾಗ ಅಫಜಲಪುರ ತಾಲ್ಲೂಕಿನ ದಂಡೆಯ ಊರುಗಳು ಪಟ್ಟ ಪಾಡು ಈಗಲೂ ಜನರ ಬಾಯಲ್ಲಿದೆ. ಅಂಥ ಹೊತ್ತಿನಲ್ಲಿ ಜನ ಓಡಿ ಬರುವುದು ಎತ್ತರದ ಶಾಲೆಗೆ, ಅದರ ಮುಂದಿನ ಬಯಲಿಗೆ. ಊರಿಗೊಂದು ಖಾಲಿ ಜಾಗ ಇರುವುದು ಬರೀ ಆಟದ ಮಾತಲ್ಲ ಎಂಬುದು ನೆರೆ ಬಂದಾಗ ಎಲ್ಲರಿಗೂ ತಿಳಿಯುತ್ತದೆ. ನೀರು ಇಳಿದೊಡನೆ ಮರೆತುಹೋಗುತ್ತದೆ.

ಕಲ್ಲಿನ ಮೇಲೆ ಬರೆದ ದಾನ

ಭೂಮಿ ಬಿಟ್ಟುಕೊಡುವುದು ನಮ್ಮ ನಾಡಿಗೆ ಹೊಸತೇನೂ ಅಲ್ಲ. ಇದೇ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಹತ್ತಿರ ನಾಗಾವಿ ಎಂಬ ಊರಿದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅಲ್ಲೊಂದು ದೊಡ್ಡ ಘಟಿಕಾಸ್ಥಾನವಿತ್ತು. 1058ರ ಶಾಸನವೊಂದು ಅಲ್ಲಿನ ವಿದ್ಯಾರ್ಥಿಗಳಿಗೆ, ಗುರುಗಳಿಗೆ, ಪುಸ್ತಕ ಭಂಡಾರ ನೋಡಿಕೊಳ್ಳುವವರಿಗೆ ಬಿಟ್ಟ ದತ್ತಿಯ ಮಾತು ಹೇಳುತ್ತದೆ. ಶಾಲೆಗೆ ಹೋಗುವ ಮಕ್ಕಳು ಒಮ್ಮೆ ನೋಡಿ ಬರಬೇಕಾದ ಜಾಗ ಅದು.

ನಮ್ಮ ಹಳೆಯ ದತ್ತಿ ಶಾಸನಗಳಲ್ಲಿ ಮೂರು ಸಂಗತಿ ತಪ್ಪುವುದಿಲ್ಲ. ಕೊಟ್ಟವರು ಯಾರು, ಯಾವ ಕೆಲಸಕ್ಕೆ ಕೊಟ್ಟರು, ಆ ಭೂಮಿಯ ಎಲ್ಲೆ ಎಲ್ಲಿಂದ ಎಲ್ಲಿಗೆ. ಕೊನೆಗೆ ಒಂದು ಶಾಪ: ತಾನು ಕೊಟ್ಟದ್ದಿರಲಿ, ಪರರು ಕೊಟ್ಟದ್ದಿರಲಿ, ದಾನದ ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಬಿದ್ದಿರುತ್ತಾನೆ ಎಂದು. ಮೇಲೆ ಸೂರ್ಯ, ಚಂದ್ರ, ಆಕಳು ಕರು. ಬಾಯಿಮಾತು ಒಂದು ತಲೆಮಾರು ದಾಟುವುದಿಲ್ಲವೆಂದು ಆ ಹಿರಿಯರಿಗೆ ಗೊತ್ತಿತ್ತು. ಆದ್ದರಿಂದಲೇ ಅವರು ಕಲ್ಲಿನ ಮೇಲೆ ಬರೆಸಿದರು.

ನಾನು ಓದಿದ ಶಾಲೆಯ ಹಿರಿಯರಿಗೆ ಈ ವಿವೇಕ ಇರಲಿಲ್ಲ. ಶಾಲೆಯ ಪಕ್ಕದ ಮುಕ್ಕಾಲು ಎಕರೆಯನ್ನು ಊರಿನ ದೊಡ್ಡ ರೈತರೊಬ್ಬರು, ‘ಹುಡುಗ್ರು ಆಡ್ಕೊಳ್ಳಿ’ ಎಂದು ತುಂಬಿದ ಪಂಚಾಯ್ತಿಯಲ್ಲಿ ಹೇಳಿ ಬಿಟ್ಟುಕೊಟ್ಟಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಹಾರ ಹಾಕಿದರು. ಕಾಗದ ಮಾತ್ರ ಯಾರೂ ಮಾಡಿಸಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ನಾವು ಅಲ್ಲಿ ಆಡಿದೆವು. ಆ ಹಿರಿಯರು ತೀರಿಕೊಂಡರು, ಮಕ್ಕಳಲ್ಲಿ ಪಾಲಾಯಿತು, ಮೈದಾನ ಕಿರಿಯ ಮಗನ ಪಾಲಿಗೆ ಬಂತು. ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದ ವರ್ಷ ಬೇಸಿಗೆ ರಜೆ ಮುಗಿಸಿ ಶಾಲೆಗೆ ಹೋದರೆ ಖೋಖೋ ಕಂಬಗಳು ಬದುವಿನ ಮೇಲೆ ಬಿದ್ದಿದ್ದವು, ಮೈದಾನದ ತುಂಬ ನೇಗಿಲ ಸಾಲು. ಹೆಡ್ ಮಾಸ್ತರರು ಕಪಾಟಿನ ಕಾಗದವೆಲ್ಲ ಹರವಿ ಹುಡುಕಿದರು. ಇದ್ದರಲ್ಲವೇ ಸಿಗಲು? ಆ ಮಗನನ್ನು ನಾನು ಈಗ ಬಯ್ಯಲಾರೆ. ಪಹಣಿಯಲ್ಲಿ ಅವನ ಅಪ್ಪನ ಹೆಸರೇ ಇತ್ತು.

ಪಟ್ಟಣದವರ ಪಾಠ

ಪಟ್ಟಣಗಳಲ್ಲಿ ಇದಕ್ಕೊಂದು ಕ್ರಮವಿದೆ. ಅಮೆರಿಕದ ಊರುಗಳಲ್ಲಿ ಉದ್ಯಾನಗಳಿಗೆಂದೇ ಬೇರೆ ಮಂಡಳಿಗಳಿರುತ್ತವೆ. ಹೊಸ ಬಡಾವಣೆ ಮಾಡುವವನು ಉದ್ಯಾನಕ್ಕೆ ಜಾಗ ಬಿಡಬೇಕು, ಇಲ್ಲವೇ ಅದರ ಬದಲು ಹಣ ಕಟ್ಟಬೇಕು. ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಕ್ವಿಂಬಿ ಕಾಯ್ದೆ ಎಂಬ 1965ರ ಕಾನೂನಿನ ಪ್ರಕಾರ ಸಾವಿರ ಜನಕ್ಕೆ ಮೂರರಿಂದ ಐದು ಎಕರೆಯವರೆಗೆ ಕೇಳಬಹುದು. ನಮ್ಮಲ್ಲಿ ಆ ಕೆಲಸ ನಗರಾಭಿವೃದ್ಧಿ ಪ್ರಾಧಿಕಾರಗಳದು. ಪ್ರಾಧಿಕಾರ ತಾನೇ ಬಡಾವಣೆ ಮಾಡುವಾಗ ನೂರಕ್ಕೆ 15ರಷ್ಟು ಜಾಗವನ್ನು ಉದ್ಯಾನ ಮತ್ತು ಆಟದ ಮೈದಾನಕ್ಕೆ, ಅದಲ್ಲದೆ ನೂರಕ್ಕೆ 10ರಷ್ಟನ್ನು ಶಾಲೆ, ಆಸ್ಪತ್ರೆ ಮುಂತಾದ ನಾಗರಿಕ ಸೌಲಭ್ಯಕ್ಕೆ ಕಾಯ್ದಿರಿಸಬೇಕೆಂದು ಕಾಯ್ದೆ ಹೇಳುತ್ತದೆ. ಈ ಎರಡೂ ಬೇರೆ ಬೇರೆ ಬಾಬು ಎಂಬುದನ್ನು ತಂದೆ ತಾಯಂದಿರು ನೆನಪಿಡಬೇಕು. ಸೌಲಭ್ಯದ ನಿವೇಶನವನ್ನು ಒಂದು ಸಂಸ್ಥೆಗೆ ಕೊಡಬಹುದು. ಉದ್ಯಾನದ ಜಾಗವನ್ನು ಹಾಗೆ ಕೊಡಲಾಗದು.

ಇದು ಸ್ಪಷ್ಟವಾದದ್ದು ಬೆಂಗಳೂರಿನ ಒಂದು ಮೊಕದ್ದಮೆಯಿಂದ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ತೋರಿಸಿದ್ದ ಜಾಗವನ್ನು ಖಾಸಗಿ ವೈದ್ಯಕೀಯ ಟ್ರಸ್ಟೊಂದಕ್ಕೆ ನರ್ಸಿಂಗ್ ಹೋಮ್ ಕಟ್ಟಲು ಮಂಜೂರು ಮಾಡಲಾಗಿತ್ತು. ನೆರೆಹೊರೆಯ ನಿವಾಸಿಗಳು ಹೈಕೋರ್ಟಿಗೆ ಹೋದರು. ಮೊದಲು ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟು ಅವರ ಗೆಲುವನ್ನೇ ಎತ್ತಿಹಿಡಿಯಿತು. ಆಸ್ಪತ್ರೆ ಒಳ್ಳೆಯದೇ ಇರಬಹುದು, ಆದರೆ ಜನರ ಉಸಿರಿಗೆ, ಮಕ್ಕಳ ಆಟಕ್ಕೆ ಮೀಸಲಾದ ಬಯಲನ್ನು ಅದಕ್ಕಾಗಿ ಕಸಿಯಬಾರದು ಎಂಬುದು ಆ ತೀರ್ಪಿನ ತಾತ್ಪರ್ಯ. ಆ ನಿವಾಸಿಗಳ ಕೈಯಲ್ಲಿದ್ದ ಅಸ್ತ್ರ ಯಾವುದು ಗೊತ್ತೇ? ಬಡಾವಣೆಯ ಮಂಜೂರಾದ ನಕ್ಷೆ. ಆ ಜಾಗ ಉದ್ಯಾನ ಎಂದು ಬರೆದಿತ್ತು, ಆದ್ದರಿಂದ ಉಳಿಯಿತು.

ಹಳ್ಳಿಯಲ್ಲಿ ಯಾರನ್ನು ಕೇಳಬೇಕು?

ಮಣ್ಣೂರಿನಂಥ ಊರಿನಲ್ಲಿ ಉದ್ಯಾನ ಮಂಡಳಿಯೂ ಇಲ್ಲ, ಬಡಾವಣೆಯ ನಕ್ಷೆಯೂ ಇಲ್ಲ. ಹಾಗೆಂದು ದಾರಿ ಇಲ್ಲವೆಂದಲ್ಲ. ದಾರಿ ಎರಡಿವೆ.

ಮೊದಲನೆಯದು ಸರಕಾರಿ ಜಮೀನು. ನಮ್ಮ ಭಾಗದಲ್ಲಿ ಅದು ಗಾಯರಾಣ, ಖಾರಿಜ್ ಖಾತಾ ಮುಂತಾದ ಹೆಸರಿನಲ್ಲಿ ದಾಖಲೆಯಲ್ಲಿರುತ್ತದೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 71ನೆಯ ಕಲಮಿನಂತೆ ಇಂಥ ಜಮೀನನ್ನು ಸಾರ್ವಜನಿಕ ಕೆಲಸಕ್ಕಾಗಿ ಕಾಯ್ದಿರಿಸುವ ಅಧಿಕಾರ ಜಿಲ್ಲಾಧಿಕಾರಿಗಳಿಗಿದೆ. ಒಮ್ಮೆ ಹಾಗೆ ಕಾಯ್ದಿರಿಸಿದರೆ ಅವರ ಒಪ್ಪಿಗೆಯಿಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಅದರ ನಕಲು ಇಟ್ಟು ತಹಶೀಲ್ದಾರರಿಗೆ ಅರ್ಜಿ ಕೊಡಬೇಕು. ಅಳತೆಯಾಗಿ, ವರದಿ ಮೇಲಕ್ಕೆ ಹೋಗಿ, ಆದೇಶ ಬಂದು, ಪಹಣಿಯಲ್ಲಿ ಏರಬೇಕು. ತಡವಾಗಬಹುದು, ನಾಲ್ಕು ಸಲ ಅಲೆಯಬೇಕಾಗಬಹುದು. ಒಂದು ಎಚ್ಚರವೂ ಬೇಕು. ದನಕರುಗಳ ಹಕ್ಕು ಮೊದಲಿನದು. ನೂರು ದನಕ್ಕೆ 30 ಎಕರೆ ಗೋಮಾಳ ಇರಬೇಕೆಂಬ ನಿಯಮವಿದೆ. ಬಡವನ ಆಕಳ ಮೇವು ಕಸಿದು ಮಾಡಿದ ಮೈದಾನ ಯಾರಿಗೂ ಶೋಭೆಯಲ್ಲ.

ಎರಡನೆಯದು ದಾನ. ನಮ್ಮ ಶಾಲೆ ಎಡವಿದ್ದು ಇಲ್ಲಿಯೇ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 123ನೆಯ ಕಲಮು ಇಷ್ಟೇ ಹೇಳುತ್ತದೆ: ಸ್ಥಿರಾಸ್ತಿಯ ದಾನಕ್ಕೆ ದಾನಿಯ ರುಜು ಇರುವ, ಇಬ್ಬರಾದರೂ ಸಾಕ್ಷಿದಾರರು ಸಹಿ ಹಾಕಿದ, ನೋಂದಣಿಯಾದ ಪತ್ರ ಬೇಕು. ತುಂಬಿದ ಸಭೆಯ ಮಾತು, ಚಪ್ಪಾಳೆ, ಹಾರ ಯಾವುದೂ ಅದರ ಬದಲಿಗೆ ಬರುವುದಿಲ್ಲ. ಮನೆತನದ ಆಸ್ತಿಯಾದರೆ ಪಾಲುದಾರರೆಲ್ಲರ ಒಪ್ಪಿಗೆ ಬೇಕು. ನೋಂದಣಿ ಮುಗಿದ ಮೇಲೆ ಪಹಣಿಯಲ್ಲಿ ಹೆಸರು ಬದಲಾಗುವವರೆಗೆ ಬೆನ್ನು ಹತ್ತಬೇಕು. ಆಮೇಲೆ ನಾಲ್ಕು ಮೂಲೆಗೆ ಬಾಂದುಗಲ್ಲು, ಸುತ್ತ ಬೇಲಿ, ಬಾಗಿಲಲ್ಲಿ ದಾನಿಯ ಹೆಸರು. ಶಾಸನದ ಮೂರು ಸಂಗತಿ ನೆನಪಾದವೇ? ಕೊಟ್ಟವರು, ಕೆಲಸ, ಎಲ್ಲೆ.

ಎಕರೆಗಟ್ಟಲೆ ಕೊಡುವವರು ಎಲ್ಲಿದ್ದಾರೆ ಎನ್ನುವವರಿಗೆ ಒಂದು ಲೆಕ್ಕ. ಕಬಡ್ಡಿ ಅಂಗಳ 13 ಮೀಟರ್ ಉದ್ದ, 10 ಮೀಟರ್ ಅಗಲ. ಖೋಖೋ 27 ಮೀಟರ್, 16 ಮೀಟರ್. ವಾಲಿಬಾಲ್ 18 ಮೀಟರ್, 9 ಮೀಟರ್. ಮೂರೂ ಸೇರಿದರೆ ಏಳು ಗುಂಟೆಯ ಮೇಲೆ ಸ್ವಲ್ಪ. ಸುತ್ತ ಓಡಾಡುವ ಜಾಗ, ನಾಲ್ಕು ಬೇವಿನ ಗಿಡ, ಒಂದು ನೀರಿನ ತೊಟ್ಟಿ ಎಲ್ಲ ಹಿಡಿದರೂ ಅರ್ಧ ಎಕರೆಯಲ್ಲಿ ಕೂಡುತ್ತದೆ. ಹೆಣ್ಣುಮಕ್ಕಳಿಗೂ ಅಲ್ಲಿ ಒಂದು ಅಂಗಳ ಇರಲಿ. ತೊಗರಿ ಹೊಲದ ಆ ಆಟದಲ್ಲಿ ಒಬ್ಬ ಹುಡುಗಿಯೂ ಇರಲಿಲ್ಲವೆಂಬುದನ್ನು ನಾನು ಮರೆತಿಲ್ಲ. ಬೇರೆಯವರ ಹೊಲಕ್ಕೆ ಮಗಳನ್ನು ಆಡಲು ಕಳಿಸಲು ಹಿಂಜರಿಯುವ ತಾಯಿ ಶಾಲೆಯ ಬೇಲಿಯೊಳಗೆ ಕಳಿಸಿಯಾಳು.

ಮಕ್ಕಳು ಇದನ್ನೆಲ್ಲ ದೊಡ್ಡವರ ಕೆಲಸವೆಂದು ಬಿಡಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಇರಬೇಕಾದವುಗಳ ಪಟ್ಟಿಯಲ್ಲಿ ಕೋಣೆ, ಕುಡಿಯುವ ನೀರು, ಶೌಚಾಲಯದ ಜೊತೆಗೆ ಆಟದ ಮೈದಾನವೂ ಇದೆ. ನಮ್ಮ ರಾಜ್ಯದ ಗ್ರಾಮ ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿಯೂ ಇದೆ. ಆ ದಿನ ಎದ್ದು ನಿಂತು ಕೇಳಬಹುದು. ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದರೋ ಇಲ್ಲವೋ ನೋಡಿಕೊಳ್ಳಬೇಕು.

ಹೊತ್ತು ಮುಳುಗಿತು. ಚೆಂಡು ಕಾಣದಾದಾಗ ಆಟ ನಿಂತಿತು. ಬಸ್ಸಿಗೆ ಕಾಯುತ್ತ ಹುಡುಗರೊಡನೆ ಇಷ್ಟನ್ನೂ ಮಾತಾಡಿದೆ. ಅರ್ಧ ಕೇಳಿಸಿಕೊಂಡರು, ಅರ್ಧ ಬಿಟ್ಟರು. ಬಸ್ಸಿನ ದೀಪ ಕಂಡಾಗ ಅವರಲ್ಲಿ ಸಣ್ಣವನೊಬ್ಬ ಹತ್ತಿರ ಬಂದು ಕೇಳಿದ:

‘ಸರ, ಅರ್ಜಿ ಯಾರ ಹೆಸ್ರಿಗಿ ಬರೀಬೇಕ್ರಿ?’

‘ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗಳಿಗೆ ಅಂತ ಬರಿ ತಮ್ಮಾ. ಕೊಟ್ಟ ಮ್ಯಾಲ ಸಿಕ್ಕಾ ಹಾಕಿಸ್ಕೊಂಡು ಒಂದು ಪ್ರತಿ ನಿನ್ನ ಹತ್ತಿರ ಇಟ್ಕೋ.’

ಬರೆಯುತ್ತಾನೋ ಇಲ್ಲವೋ ತಿಳಿಯದು. ಬಸ್ಸು ಹೊರಟಾಗ ಅವನು ಕತ್ತಲಲ್ಲಿ ಬಗ್ಗಿ ಅಂಗಾಲಿನಿಂದ ತೊಗರಿಯ ಮುಳ್ಳು ಕೀಳುತ್ತಿದ್ದ.