ನಾಲ್ಕನೆಯ ಸ್ಥಾನದವರ ಹಾಡು

ಹಳೆಯ ಹಾಡುಗಳು ಮರುಮುದ್ರಣಗೊಂಡು ಬಂದಾಗ ಅವನ್ನು ಕೊಳ್ಳುವವರು ತಮ್ಮ ಯೌವನವನ್ನು ಮರಳಿ ಕೊಳ್ಳಲು ಹೊರಟವರೆಂಬುದು ಲೋಕದ ಅಭಿಪ್ರಾಯ. ಪಿ. ಕಾಳಿಂಗರಾಯರ ಕಂಠವನ್ನು ಇಂದು ಮತ್ತೆ ಕೇಳುವಾಗ ನಮ್ಮ ಓರಗೆಯವರ ಕಣ್ಣು ತೇವಗೊಳ್ಳುವುದಕ್ಕೆ ಅರ್ಧ ಕಾರಣ ಆ ಕಂಠವಾದರೆ, ಇನ್ನರ್ಧ ಕಾರಣ ಅದನ್ನು ಮೊದಲು ಕೇಳಿದ ದಿನಗಳು. ಆದರೆ ಬಾಲ್ಯದಲ್ಲಿ ನಾವು ಕೇಳಿಯೇ ಇರದ, ನಮ್ಮದಲ್ಲದ ನುಡಿಯ, ನಮ್ಮದಲ್ಲದ ನಾಡಿನ ಆಲ್ಬಂ ಒಂದು ಎಪ್ಪತ್ತು ದಾಟಿದ ಮೇಲೆ ನಮ್ಮನ್ನು ಹಿಡಿದು ಕೂರಿಸಿದರೆ ಅದಕ್ಕೆ ಏನೆಂದು ಕಾರಣ ಹೇಳುವುದು? ಕನ್ನಡದ ಹಬ್ಬದ ಸಂಚಿಕೆಯಲ್ಲಿ ಅಮೆರಿಕದ ಹುಡುಗಿಯರ ಹಾಡಿನ ಮಾತೇಕೆ ಎಂದು ಓದುಗ ಬಂಧುಗಳು ಹುಬ್ಬೇರಿಸಬಹುದು. ತುಸು ತಾಳ್ಮೆಯಿಂದ ಓದಬೇಕೆಂದು ಪ್ರಾರ್ಥನೆ. ಇದು ಕೊನೆಗೆ ಶಾಲೆಯ ಮಾತೇ ಆಗಿದೆ.

ಆ ಆಲ್ಬಂ 1961ರ ನವೆಂಬರಿನಲ್ಲಿ ಹೊರಬಂದದ್ದು. ಹೆಸರು ‘ಪ್ಲೀಸ್ ಮಿಸ್ಟರ್ ಪೋಸ್ಟ್‌ಮ್ಯಾನ್’. ಹಾಡಿದವರು ‘ಮಾರ್ವೆಲೆಟ್ಸ್’ ಎಂಬ ಹುಡುಗಿಯರ ತಂಡ. ಪ್ರಕಟಿಸಿದ್ದು ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆ. ಈ ತಂಡದ ಆರಂಭದ ಆಲ್ಬಂಗಳನ್ನೆಲ್ಲ ಒಟ್ಟುಗೂಡಿಸಿ 2009ರಲ್ಲಿ ‘ಫಾರೆವರ್’ ಎಂಬ ಸಂಪುಟವಾಗಿ ಸಿ.ಡಿ.ಗಳಲ್ಲಿ ಮರುಪ್ರಕಟಿಸಲಾಯಿತು. ಮಿಶಿಗನ್ ರಾಜ್ಯದಲ್ಲಿರುವ ಮಗಳ ಮನೆಯಲ್ಲಿ ಒಂದು ಚಳಿಗಾಲವನ್ನು ಕಳೆಯಬೇಕಾಗಿ ಬಂದಾಗ, ಹಿಮ ಸುರಿಯುವ ಹಗಲುಗಳಲ್ಲಿ ಮನೆಯೊಳಗೇ ಕುಳಿತಿದ್ದ ನಮಗೆ ಮಗಳು ಆ ಊರಿನ ಗ್ರಂಥಾಲಯದಿಂದ ಎರವಲು ತಂದುಕೊಟ್ಟ ಹಲವು ವಸ್ತುಗಳಲ್ಲಿ ಇದೂ ಒಂದಾಗಿತ್ತು. ಮೊದಲ ಹಾಡನ್ನು ಸೌಜನ್ಯಕ್ಕಾಗಿ ಕೇಳಿದೆವು. ಎರಡನೆಯ ಸಲ ಕೇಳಿದ್ದು ಕುತೂಹಲದಿಂದ. ಆಮೇಲೆ ಆ ಹುಡುಗಿಯರು ಯಾರೆಂದು ತಿಳಿಯದೆ ಸಮಾಧಾನವಾಗಲಿಲ್ಲ.

ತಿಳಿದಾಗ ನಮ್ಮೊಳಗಿನ ನಿವೃತ್ತ ಮುಖ್ಯೋಪಾಧ್ಯಾಯ ಎದ್ದು ಕುಳಿತ. ಡೆಟ್ರಾಯಿಟಿನ ಪಡುವಣ ಮಗ್ಗುಲಿಗೆ ಇಂಕ್‌ಸ್ಟರ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿನ ಹೈಸ್ಕೂಲಿನ ಗಾಯನ ತಂಡದಲ್ಲಿದ್ದ ಗ್ಲ್ಯಾಡಿಸ್ ಹಾರ್ಟನ್ ಎಂಬ ಹುಡುಗಿ ಗೆಳತಿಯರನ್ನು ಕೂಡಿಸಿಕೊಂಡು 1961ರಲ್ಲಿ ಶಾಲೆಯ ಪ್ರತಿಭಾ ಸ್ಪರ್ಧೆಗೆ ನಿಂತಳು. ಮೊದಲ ಮೂರು ಸ್ಥಾನ ಗಳಿಸಿದವರನ್ನು ಮೋಟೌನ್ ಸಂಸ್ಥೆಯ ಎದುರು ಹಾಡಿಸಲು ಕರೆದೊಯ್ಯುವುದೆಂದು ನಿಶ್ಚಯವಾಗಿತ್ತು. ಈ ಹುಡುಗಿಯರಿಗೆ ಬಂದದ್ದು ನಾಲ್ಕನೆಯ ಸ್ಥಾನ. ನಿಯಮದ ಪ್ರಕಾರ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಶಾಲೆಯ ಶಿಕ್ಷಕಿಯೊಬ್ಬರು ಮುಗಿಯಗೊಡಲಿಲ್ಲ. ಇವರನ್ನೂ ಕರೆದೊಯ್ಯಬೇಕೆಂದು ಪಟ್ಟುಹಿಡಿದರು. ಮೂವತ್ತು ವರ್ಷಗಳಿಗೂ ಮಿಕ್ಕಿ ಬಹುಮಾನದ ಪಟ್ಟಿಗಳನ್ನು ಬರೆದು ಸಹಿ ಹಾಕಿದ ನಮಗೆ, ಮೂರನೆಯ ಹೆಸರಿನ ಕೆಳಗೆ ಗೆರೆ ಎಳೆಯುವುದು ಎಷ್ಟು ಸುಲಭ, ಆ ಗೆರೆಯನ್ನು ಒಂದಿಂಚು ಕೆಳಗೆ ಸರಿಸುವುದು ಎಷ್ಟು ಕಷ್ಟ ಎಂಬುದು ಚೆನ್ನಾಗಿ ಗೊತ್ತು.

ಸಂಸ್ಥೆಯವರು ಹುಡುಗಿಯರ ಹಾಡು ಕೇಳಿ, ನಿಮ್ಮದೇ ಆದ ಹೊಸ ಹಾಡೊಂದನ್ನು ತನ್ನಿರೆಂದು ಹೇಳಿ ಕಳುಹಿಸಿದರು. ತಂಡದಲ್ಲಿದ್ದ ಜಾರ್ಜಿಯಾ ಡಾಬಿನ್ಸ್ ತನ್ನ ಪರಿಚಯದ ವಿಲಿಯಂ ಗ್ಯಾರೆಟ್ ಎಂಬವನಲ್ಲಿದ್ದ ಬ್ಲೂಸ್ ಧಾಟಿಯ ಹಾಡೊಂದನ್ನು ಕೇಳಿ ಪಡೆದು, ಅದನ್ನು ತನ್ನ ಓರಗೆಯ ಹುಡುಗಿಯರ ಬಾಯಿಗೆ ಒಪ್ಪುವಂತೆ ಹೊಸದಾಗಿ ಬರೆದಳು. ದೂರದಲ್ಲಿರುವ ಪ್ರಿಯನಿಂದ ಕಾಗದ ಬಂದಿದೆಯೇ, ಚೀಲವನ್ನು ಇನ್ನೊಮ್ಮೆ ನೋಡಬಾರದೇ ಎಂದು ಅಂಚೆಯವನನ್ನು ತಡೆದು ನಿಲ್ಲಿಸುವ ಹುಡುಗಿಯ ಹಾಡು ಅದು. ಸಂಸ್ಥೆಯಲ್ಲಿ ಅದನ್ನು ತಿದ್ದಿ ತೀಡಿದವರಲ್ಲಿ ಫ್ರೆಡ್ಡಿ ಗೋರ್ಮನ್ ಎಂಬವರು ನಿಜವಾಗಿಯೂ ಡೆಟ್ರಾಯಿಟಿನ ಬೀದಿಗಳಲ್ಲಿ ಕಾಗದ ಹಂಚುತ್ತಿದ್ದ ಅಂಚೆಯವರೇ ಆಗಿದ್ದರು. ಮುಂದೆ ಮಹಾಗಾಯಕನೆನಿಸಿದ ಮಾರ್ವಿನ್ ಗೇ ಈ ಹಾಡಿಗೆ ಡ್ರಮ್ ಬಾರಿಸಿದ. 1961ರ ಡಿಸೆಂಬರಿನಲ್ಲಿ ಇದು ಅಮೆರಿಕದ ಜನಪ್ರಿಯ ಹಾಡುಗಳ ಮುಖ್ಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮೋಟೌನ್ ಸಂಸ್ಥೆಗೆ ಆ ಪಟ್ಟಿಯ ಮೊದಲ ಸ್ಥಾನ ದೊರೆತದ್ದು ಅದೇ ಪ್ರಥಮ. ಶಾಲೆಯಲ್ಲಿ ನಾಲ್ಕನೆಯವರು ದೇಶಕ್ಕೆ ಮೊದಲನೆಯವರಾದರು. ಎರಡು ವರ್ಷಗಳ ಬಳಿಕ ಇಂಗ್ಲೆಂಡಿನ ಬೀಟಲ್ಸ್ ತಂಡವೂ ಇದೇ ಹಾಡನ್ನು ತನ್ನ ಆಲ್ಬಮಿಗೆ ಸೇರಿಸಿಕೊಂಡಿತು.

ಆದರೆ ಹಾಡು ಬರೆದ ಜಾರ್ಜಿಯಾ ಆ ಧ್ವನಿಮುದ್ರಿಕೆಯಲ್ಲಿಲ್ಲ. ತಾಯಿಗೆ ಅಸ್ವಾಸ್ಥ್ಯ, ತಂದೆ ಕರಾರುಪತ್ರಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಅವಳು ತಂಡವನ್ನು ಬಿಟ್ಟಳು. ಅವಳ ಸ್ಥಾನಕ್ಕೆ ವಾಂಡಾ ಯಂಗ್ ಬಂದಳು.

ಈ ಆಲ್ಬಮಿನ ಆಕರ್ಷಣೆ ಎಲ್ಲಿದೆ ಎಂದು ನಮ್ಮಷ್ಟಕ್ಕೆ ನಾವು ಬಹಳ ಸಲ ಕೇಳಿಕೊಂಡಿದ್ದೇವೆ. ಇದು ಪಳಗಿದ ಗಾಯನವಲ್ಲ. ಮುಂದಿನ ವರ್ಷಗಳಲ್ಲಿ ಅದೇ ಸಂಸ್ಥೆಯ ಸುಪ್ರೀಮ್ಸ್ ತಂಡದವರು ಸಾಧಿಸಿದ ನಯ ಇಲ್ಲಿಲ್ಲ. ಹದಿನಾರರ ಗ್ಲ್ಯಾಡಿಸಳ ಕಂಠದಲ್ಲಿ ಒಂದು ಒರಟುತನವಿದೆ. ಮೇಲಿನ ಸ್ವರಕ್ಕೆ ಹೋಗುವಾಗ ಅದು ತುಸು ಸೀಳುತ್ತದೆ. ಉಳಿದವರು ಹಿಂದಿನಿಂದ ಓಗೊಡುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಒಬ್ಬಳು ಕೇಳುವುದು, ಎಲ್ಲರೂ ಉತ್ತರಿಸುವುದು. ನಮ್ಮ ಗದ್ದೆಗಳಲ್ಲಿ ನೇಜಿ ನೆಡುವ ಹೆಂಗಸರು ‘ಓಬೇಲೆ’ ಹಾಡುವಾಗ ಮುಂದಾಳು ಎತ್ತಿಕೊಟ್ಟದ್ದನ್ನು ಸಾಲು ಸಾಲಾಗಿ ಬಾಗಿದವರೆಲ್ಲ ಸ್ವೀಕರಿಸುವ ಕ್ರಮವನ್ನು ಕೇಳಿ ಬೆಳೆದ ಕಿವಿಗೆ ಇದು ಅಪರಿಚಿತವೆನಿಸುವುದಿಲ್ಲ. ಒಬ್ಬಳ ದುಃಖವನ್ನು ಒಬ್ಬಳೇ ಹೊರಬಾರದೆಂಬ ವಿವೇಕ ಆ ಕ್ರಮದಲ್ಲಿಯೇ ಇದೆ. ಕಾಗದ ಬಾರದ ಹುಡುಗಿಯ ಅಳಲು ಇಲ್ಲಿ ಕುಣಿಯುವ ಹಾಡಾಗಿರುವುದಕ್ಕೆ, ಅವಳ ಬೆನ್ನ ಹಿಂದೆ ಗೆಳತಿಯರು ನಿಂತಿರುವುದೇ ಕಾರಣವೆಂದು ನಮಗೆ ತೋರುತ್ತದೆ.

ಇನ್ನು ಅಂಚೆಯವನ ವಿಚಾರ. ಕಾಸರಗೋಡಿನಲ್ಲಿ ಅಧ್ಯಾಪನ ನಡೆಸಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಎಪ್ಪತ್ತರ, ಎಂಬತ್ತರ ದಶಕಗಳಲ್ಲಿ ಇಲ್ಲಿನ ಮನೆಗಳ ಗಂಡಸರು ಬೊಂಬಾಯಿಯ ಹೋಟೆಲುಗಳಲ್ಲಿದ್ದರು, ಇಲ್ಲವೇ ಕಡಲಾಚೆಯ ಗಲ್ಫ್ ನಾಡುಗಳಲ್ಲಿದ್ದರು. ನಮ್ಮ ಶಾಲೆಯ ಎದುರಿನ ಸಂಕದ ಬಳಿ ಹನ್ನೊಂದು ಗಂಟೆಯ ಹೊತ್ತಿಗೆ ಅಂಚೆಯವರ ಕೊಡೆ ಕಾಣಿಸಿದರೆ ಸುತ್ತಲಿನ ನಾಲ್ಕಾರು ಮನೆಗಳ ಜಗಲಿಯಲ್ಲಿ ಬೀಡಿ ಕಟ್ಟುವ ಕೈಗಳು ನಿಲ್ಲುತ್ತಿದ್ದವು. ಅವರು ನಿಲ್ಲದೆ ಮುಂದೆ ಸಾಗಿದರೆ ಕೈಗಳು ಮತ್ತೆ ಚಲಿಸುತ್ತಿದ್ದವು. ಯಾರೂ ಅವರನ್ನು ಕೂಗಿ ನಿಲ್ಲಿಸಿದ್ದನ್ನು ನಾವು ಕಾಣೆವು. ಬಂದ ಕಾಗದವನ್ನು ಓದಿಸಿಕೊಳ್ಳಲು ಸೆರಗಿನಲ್ಲಿ ಮುಚ್ಚಿ ತರುತ್ತಿದ್ದ ತಾಯಂದಿರು, ಓದಿ ಮುಗಿದ ಮೇಲೂ ತುಸು ಹೊತ್ತು ನಿಂತಿರುತ್ತಿದ್ದರು, ಇನ್ನೇನಾದರೂ ಬರೆದಿರಬಹುದೆಂದು. ಆ ಮೌನದಲ್ಲಿದ್ದುದನ್ನು ಇಂಕ್‌ಸ್ಟರಿನ ಶಾಲಾ ಹುಡುಗಿಯೊಬ್ಬಳು ಬಾಯಿಬಿಟ್ಟು ಹಾಡಿದ್ದಳೆಂದು ನಮಗೆ ತಿಳಿಯಲು ಇಷ್ಟು ವರ್ಷಗಳು ಬೇಕಾದವು.

ಜಾರ್ಜಿಯಾಳ ಕಥೆಯೂ ನಮಗೆ ಹೊಸತೆನಿಸಲಿಲ್ಲ. ಕೇರಳದ ಶಾಲಾ ಕಲೋತ್ಸವ 1957ರಿಂದ ನಡೆದು ಬಂದಿದೆ. ಅದರಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಕಂಠಪಾಠಕ್ಕೂ ಎಡೆಯಿದೆ. ಒಂದು ವರ್ಷ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಜಿಲ್ಲೆಗೆ ಮೊದಲಿಗಳಾದಳು. ರಾಜ್ಯಮಟ್ಟದ ಸ್ಪರ್ಧೆಗೆ ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಪಯಣಿಸಬೇಕಿತ್ತು. ಜೊತೆಗೆ ಅಧ್ಯಾಪಿಕೆಯರಿಬ್ಬರು ಹೋಗುವುದೆಂದೂ ಖರ್ಚು ಶಾಲೆಯದೆಂದೂ ನಿಶ್ಚಯಿಸಿ, ಒಪ್ಪಿಗೆ ಪತ್ರದೊಂದಿಗೆ ನಾವು ಎರಡು ಸಲ ಅವಳ ಮನೆಗೆ ಹೋದೆವು. ತಂದೆ ಸಜ್ಜನರು. ಎರಡು ಸಲವೂ ಬೆಲ್ಲ, ನೀರು ಕೊಟ್ಟು ಚಾಪೆ ಹಾಸಿ ಕುಳ್ಳಿರಿಸಿದರು. ಎರಡು ಸಲವೂ ಪತ್ರವನ್ನು ಮಡಿಚಿ ನಮ್ಮ ಕೈಗೇ ಮರಳಿಸಿದರು. ಹುಡುಗಿ ಒಳಬಾಗಿಲಲ್ಲಿ ನಿಂತಿದ್ದಳು. ಅವಳು ಅಳಲಿಲ್ಲ. ಮರುದಿನ ಎಂದಿನಂತೆ ಶಾಲೆಗೆ ಬಂದು ಪ್ರಾರ್ಥನೆ ಹೇಳಿಕೊಟ್ಟಳು. ಇಂದು ಅವಳು ಮೊಮ್ಮಕ್ಕಳನ್ನು ಕಂಡ ಗೃಹಿಣಿ. ತನ್ನೂರಿನ ಭಜನಾ ಮಂದಿರದಲ್ಲಿ ಮುಂದಾಗಿ ನಿಂತು ಹಾಡಿಸುತ್ತಾಳೆಂದು ಕೇಳಿದ್ದೇವೆ. ಅವಳಂಥವರ ಕಂಠ ಯಾವ ಮುದ್ರಿಕೆಯಲ್ಲಿಯೂ ಇಲ್ಲ.

ಮರುಪ್ರಕಟಣೆಯ ಮಹತ್ವವನ್ನು ನಾವು ಕಂಡುಕೊಂಡದ್ದು ಇಲ್ಲಿ. 1961ರ ಮೂಲ ಆಲ್ಬಮಿನ ಮುಖಪುಟದಲ್ಲಿ ಹುಡುಗಿಯರ ಚಿತ್ರವಿಲ್ಲ. ಇರುವುದು ಜೇಡರ ಬಲೆ ಕಟ್ಟಿದ ಒಂದು ಖಾಲಿ ಅಂಚೆಪೆಟ್ಟಿಗೆ. ಕಪ್ಪು ಜನಾಂಗದ ಗಾಯಕರ ಮುಖವನ್ನು ಹೊದಿಕೆಯಿಂದ ದೂರವಿಟ್ಟು ಹಾಡನ್ನು ಮಾತ್ರ ಮಾರುವ ಪದ್ಧತಿ ಆ ಕಾಲದ ಅಮೆರಿಕದಲ್ಲಿತ್ತು. ಹೀಗಾಗಿ ದೇಶವೆಲ್ಲ ಕುಣಿದ ಹಾಡಿನ ಹುಡುಗಿಯರು ಅನೇಕ ಕೇಳುಗರ ಪಾಲಿಗೆ ಬರಿಯ ದನಿಗಳಾಗಿ ಉಳಿದರು. ಕಾಲ ಕಳೆದು ಯಾರೋ ಮಣೆಯಿಟ್ಟು, ದೀಪ ಹಚ್ಚಿ, ಇವರು ಗ್ಲ್ಯಾಡಿಸ್, ಇವರು ವಾಂಡಾ, ಇವರು ಕ್ಯಾಥರೀನ್, ಜಾರ್ಜಿಯಾನಾ, ಹ್ವಾನಿಟಾ ಎಂದು ಒಬ್ಬೊಬ್ಬರ ಹೆಸರು ಹಿಡಿದು ಕರೆದು ಕುಳ್ಳಿರಿಸಿದಂತೆ ಒಳ್ಳೆಯ ಮರುಪ್ರಕಟಣೆ ವರ್ತಿಸುತ್ತದೆ. ಹಾಡದೆ ಉಳಿದ ಜಾರ್ಜಿಯಾಳ ಹೆಸರೂ ರಚನೆಕಾರರ ಸಾಲಿನಲ್ಲಿ ಮೊದಲು ನಿಲ್ಲುತ್ತದೆ. ತಂದೆಯ ಸಹಿ ದೊರೆಯದಿದ್ದರೂ ಅವಳದೇ ಹೆಸರು ಶಾಶ್ವತವಾಗಿ ಅಚ್ಚಾಯಿತು.

ಆ ಹುಡುಗಿಯರು ಕಲಿತ ಶಾಲೆ ಇಂದು ಇಲ್ಲ. ಹಣವೂ ಮಕ್ಕಳೂ ಸಾಲದೆ ಸೊರಗಿದ್ದ ಇಂಕ್‌ಸ್ಟರಿನ ಶಾಲಾ ಮಂಡಳಿಯನ್ನೇ 2013ರಲ್ಲಿ ಮಿಶಿಗನ್ ಸರಕಾರ ವಿಸರ್ಜಿಸಿತು, ಹೈಸ್ಕೂಲು ಮುಚ್ಚಿತು. ಇದನ್ನು ಓದಿದ ದಿನ ನಮಗೆ ಊಟ ರುಚಿಸಲಿಲ್ಲ. ಗಡಿನಾಡಿನಲ್ಲಿ ಕನ್ನಡ ಮಾಧ್ಯಮದ ವಿಭಾಗಗಳು ಒಂದೊಂದಾಗಿ ಮಕ್ಕಳಿಲ್ಲದೆ ಬರಿದಾಗುವುದನ್ನು ಕಣ್ಣಾರೆ ಕಂಡವರಿಗೆ ಆ ಸುದ್ದಿ ಪರದೇಶದ್ದಾಗಿ ಕಾಣದು. ಶಾಲೆ ಹೋದರೂ ಅಲ್ಲಿನ ಮಕ್ಕಳ ಕಂಠ ಉಳಿದದ್ದು ಯಾರೋ ಮುದ್ರಿಸಿದ್ದರಿಂದ, ಮತ್ತೆ ಯಾರೋ ಜೋಪಾನ ಮಾಡಿ ಮರಳಿ ತಂದದ್ದರಿಂದ.

ನಮ್ಮ ಶಾಲೆಗಳ ಹಳೆಯ ವಾರ್ಷಿಕ ವರದಿಗಳು, ಬಹುಮಾನದ ಪಟ್ಟಿಗಳು, ವಾರ್ಷಿಕೋತ್ಸವದಲ್ಲಿ ಯಾರೋ ಟೇಪ್‌ರೆಕಾರ್ಡರಿನಲ್ಲಿ ಹಿಡಿದ ಕ್ಯಾಸೆಟ್ಟುಗಳು ಇನ್ನೂ ಕೆಲವರ ಅಟ್ಟದ ಮೇಲೆ, ಕಪಾಟಿನ ಮೂಲೆಯಲ್ಲಿ ಇವೆ. ಕರಾವಳಿಯ ತೇವಕ್ಕೆ ಕ್ಯಾಸೆಟ್ಟಿನ ಪಟ್ಟಿ ಬೂಸ್ಟು ಹಿಡಿಯುತ್ತದೆ. ಹೆಚ್ಚು ಮಳೆಗಾಲಗಳನ್ನು ಅದು ತಾಳದು. ಸಂಘದ ತರುಣ ಸದಸ್ಯರು ಈ ಸಮ್ಮೇಳನ ಮುಗಿದ ಮೇಲೆ ಮನೆಮನೆಗೆ ಹೋಗಿ ಅವನ್ನು ಕೇಳಿ ತಂದು, ಗಣಕಯಂತ್ರಕ್ಕೆ ಇಳಿಸಿ, ಹಾಡಿದವರು ಯಾರೆಂದು ಹಿರಿಯರನ್ನು ವಿಚಾರಿಸಿ ಬರೆದಿಡಬೇಕು. ಭಜನಾ ಮಂದಿರಗಳಲ್ಲಿ ಈಗಲೂ ಹಾಡುತ್ತಿರುವ ಅಂದಿನ ಬಾಲಕಿಯರ ಕಂಠವನ್ನು ಹೊಸದಾಗಿಯೂ ಮುದ್ರಿಸಿಕೊಳ್ಳಬಹುದು. ಬರೆಯುವಾಗ ಮೂರನೆಯ ಹೆಸರಿನ ಕೆಳಗೆ ಗೆರೆ ಎಳೆಯದಿರಲಿ. ನಾಲ್ಕನೆಯವರ ಹೆಸರೂ, ಹೋಗಲಾಗದೆ ಮನೆಯಲ್ಲಿ ಉಳಿದವರ ಹೆಸರೂ ಅದರಲ್ಲಿರಲಿ.